ಸೌಮ್ಯ, ಮಧ್ಯಮ, ತೀವ್ರ: ಈ ಮಾತುಗಳ ಅರ್ಥವೇನು?

ಮೈಗೆ ಜ್ವರ ಬಂದರೆ ಎಷ್ಟು ಡಿಗ್ರಿ ಎಂದು ಕೇಳುತ್ತೇವೆ. ಮನಸ್ಸಿಗೆ ಬೇನೆ ಬಂದಾಗ ವೈದ್ಯರು ಚೀಟಿಯಲ್ಲಿ ‘ಮೈಲ್ಡ್’, ‘ಮಾಡರೇಟ್’, ‘ಸಿವಿಯರ್’ ಎಂದು ಬರೆಯುತ್ತಾರೆ. ಟಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಂದು, ವಿಜಯಪುರದ ಗಾಂಧಿ ಚೌಕದಲ್ಲಿ ಆ ಚೀಟಿ ಹಿಡಿದು ನಿಂತ ಮನೆಯವರಿಗೆ ಅರ್ಥ ತಿಳಿಯದಿದ್ದರೆ ಎರಡು ಅಪಾಯಗಳುಂಟು: ‘ಮೈಲ್ಡ್’ ಎಂದರೆ ಏನೂ ಇಲ್ಲವೆಂದು ಚಿಕಿತ್ಸೆ ಬಿಡುವುದು, ‘ಸಿವಿಯರ್’ ಎಂದರೆ ಇನ್ನು ಗುಣವಾಗದೆಂದು ಕೈಚೆಲ್ಲುವುದು.

1. ಒಂದೇ ಕಾಯಿಲೆಯ ಹಂತಗಳು

ಖಿನ್ನತೆಯನ್ನೇ ನೋಡೋಣ. ದುಃಖ, ನಿದ್ರೆಗೇಡು ಇದ್ದರೂ ಕಷ್ಟಪಟ್ಟು ದಿನದ ಕೆಲಸ ಸಾಗಿದರೆ ಅದು ಸೌಮ್ಯ. ಮನೆ, ದುಡಿಮೆ, ಜನರೊಡನೆ ಬೆರೆಯುವುದು ಬಹಳ ಕಠಿಣವಾದರೆ ಮಧ್ಯಮ. ಬಹುಪಾಲು ಏನೂ ಮಾಡಲಾಗದೆ ಹೋದರೆ ತೀವ್ರ. ಇದನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಿದೆ. ಕಳೆದ ಎರಡು ವಾರಗಳ ಬಗ್ಗೆ ಕೇಳಿ, 27ಕ್ಕೆ ಅಂಕ ಕೊಡುತ್ತಾರೆ. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ಹೆಚ್ಚು, 20ರಿಂದ 27 ತೀವ್ರ. ಅಂಕವೇ ತೀರ್ಪಲ್ಲ, ವೈದ್ಯರು ಮಾತನಾಡಿಸಿ ನಿರ್ಧರಿಸುತ್ತಾರೆ. ಸಾಯುವ ಮಾತು ಬಂದರೆ ಅಂಕ ಎಷ್ಟೇ ಇರಲಿ, ತಡಮಾಡಬಾರದು.

2. ‘ತೀವ್ರ ಮಾನಸಿಕ ಕಾಯಿಲೆ’

ಇದು ಬೇರೆ ಅರ್ಥದ ಮಾತು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ಕಾಯಿಲೆಗಳ ಗುಂಪಿಗೆ ಈ ಹೆಸರು. ಆ ಗುಂಪಿನ ಕಾಯಿಲೆಯುಳ್ಳವರೂ ಚಿಕಿತ್ಸೆಯಿಂದ ಸುಧಾರಿಸಿ ದುಡಿಯಬಹುದು, ಸಂಸಾರ ನಡೆಸಬಹುದು. ಗುಂಪಿನ ಹೆಸರು ಇಂದಿನ ಸ್ಥಿತಿಯನ್ನು ಹೇಳುವುದಿಲ್ಲ.

3. ಪ್ರಮಾಣಪತ್ರದ ಶೇಕಡಾ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ‘ಐಡಿಯಾಸ್’ ಎಂಬ ಅಳತೆಯಲ್ಲಿ ಸ್ವಂತ ಆರೈಕೆ, ಜನರೊಡನೆ ಸಂಬಂಧ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕನ್ನೂ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನೂ ನೋಡುತ್ತಾರೆ. ಶೇಕಡಾ 40 ಅಥವಾ ಹೆಚ್ಚಾದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ದಾರಿ. ಇದು ನೆರವಿನ ಅಗತ್ಯದ ಅಳತೆ, ಮನುಷ್ಯನ ಬೆಲೆಯ ಅಳತೆಯಲ್ಲ. ದೇವರ ಮುಂದೆ ಆ ಬೆಲೆಗೆ ಶೇಕಡಾ ಇಲ್ಲ.

ಪ್ರಿಯ ಓದುಗರೇ, ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, 14416ಕ್ಕೆ, ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕುಟುಂಬದಲ್ಲಿ ಚರ್ಚಿಸಿರಿ:

ವೈದ್ಯರು ಹೇಳಿದ ಮಾತು ತಿಳಿಯದಿದ್ದರೆ, ‘ಹಾಗೆಂದರೇನು ಡಾಕ್ಟರೇ?’ ಎಂದು ಕೇಳುತ್ತೇವೆಯೇ?

ನಮ್ಮ ಧರ್ಮಕೇಂದ್ರದಲ್ಲಿ ಇಂಥ ಮನೆಯವರನ್ನು ಯಾರು ಭೇಟಿಮಾಡುತ್ತಿದ್ದಾರೆ?