ಎರಡೂ ಕಡೆ ನಾವೇ: ಹಾಸ್ಟೆಲ್ ಮೇಜಿನ ಮೇಲೆ ಕಿತ್ತೂರು ಕದನ

ಹಾಸ್ಟೆಲ್ ರೂಮಿನಿಂದ ದಾಳ ಉರುಳುವ ಸದ್ದು ಬಂದರೆ ಎಲ್ಲರೂ ಲೂಡೋ ಅಂತಾರೆ. ನಮ್ಮದು ಲೂಡೋ ಅಲ್ರಿ, ನೆಪೋಲಿಯನ್ ಕಾಲದ ಯುದ್ಧದಾಟ. ಪುಟ್ಟ ಸೈನಿಕ ಗೊಂಬೆ, ಸ್ಕೇಲು, ಎಂಟ್ಹತ್ತು ದಾಳ ಇದ್ದರೆ ಸಾಕು. ಎದುರಾಳಿ ಸಿಗಲಿಲ್ಲ ಅಂತ ಸುಮ್ಮನೆ ಕೂಡಬೇಡ್ರಿ. ಎರಡೂ ಕಡೆ ಒಬ್ಬರೇ ಆಡಿ ಕಲಿಯಬಹುದು. ನಾವು ಕಲಿತಿದ್ದೂ ಹಾಗೇ.

ಈ ಆಟಕ್ಕೆ ವಯಸ್ಸಾಗಿದೆ. ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಸೈನ್ಯದ ತರಬೇತಿಗೆಂದು 'ಕ್ರೀಗ್‌ಸ್ಪೀಲ್' ಎಂಬ ಯುದ್ಧದಾಟದ ನಿಯಮ ಪ್ರಕಟಿಸಿದ್ದು 1824ರಲ್ಲಿ. ಅದೇ ವರ್ಷ ಅಕ್ಟೋಬರ್ 23ರಂದು ನಮ್ಮ ಕಿತ್ತೂರಿನ ಕೋಟೆ ಮುಂದೆ ನಿಜವಾದ ಕಾಳಗವೇ ನಡೆಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ವಾಟರ್‌ಲೂ ಮುಗಿದು ಆಗ ಒಂಬತ್ತೇ ವರ್ಷ. ಬಂದೂಕು, ತೋಪು, ಕುದುರೆ ಎಲ್ಲ ಹೆಚ್ಚುಕಡಿಮೆ ಅದೇ ಕಾಲದವು. ಹಾಗಾಗಿ ನೆಪೋಲಿಯನ್ ಕಾಲದ ಆಟ ಕಲಿಯಲು ನಾವು ಯುರೋಪಿಗೆ ಹೋಗಲಿಲ್ಲ, ಕಿತ್ತೂರಿಗೇ ಹೋದೆವು.

ತಯಾರಿ

ಖಾನಾಪುರದ ನಮ್ಮ ರೂಮ್‌ಮೇಟ್ ಊರಿನ ಜೇಡಿಮಣ್ಣು ತಂದ. ಅದರಲ್ಲೇ ಬೆರಳುದ್ದದ ಸೈನಿಕರನ್ನು ಮಾಡಿ, ಒಣಗಿಸಿ, ರಟ್ಟಿಗೆ ಅಂಟಿಸಿದೆವು. ಕಿತ್ತೂರಿಗೆ ಒಂದು ಕುದುರೆ ದಳ, ಎರಡು ಕಾಲಾಳು ದಳ. ಕಂಪನಿಗೆ ಒಂದು ತೋಪು, ಅದರ ಹಿಂದೆ ಎರಡು ಕಾಲಾಳು ದಳ. ಅಳತೆ: 1 ಸೆಂ.ಮೀ. ಅಂದರೆ 5 ಮೀಟರ್. ಕೋಟೆ ಬಾಗಿಲಿಗೂ ತೋಪಿಗೂ ನಡುವೆ 40 ಸೆಂ.ಮೀ., ಅಂದರೆ 200 ಮೀಟರ್. ಈ ದೂರ, ಈ ದಳಗಳ ಲೆಕ್ಕ ನಮ್ಮ ಆಟದ ಊಹೆ, ಇತಿಹಾಸದ ಅಳತೆಯಲ್ಲ.

ನಿಯಮ ನಾಲ್ಕೇ

1. ಪ್ರತಿ ಸುತ್ತಿನಲ್ಲಿ ಮೊದಲು ಕಿತ್ತೂರು, ಆಮೇಲೆ ಕಂಪನಿ. ದಳ ಕದಲಬೇಕಾದರೆ ಎರಡು ದಾಳ ಉರುಳಿಸಿ. ಮೊತ್ತ 8 ಅಥವಾ ಕಡಿಮೆ ಬಂದರೆ ಆಜ್ಞೆ ಮುಟ್ಟಿತು. ಇಲ್ಲಾಂದ್ರೆ ದಳ ನಿಂತಲ್ಲೇ.
2. ಕಾಲಾಳು 10 ಸೆಂ.ಮೀ., ಕುದುರೆ 20 ಸೆಂ.ಮೀ.
3. ಬಂದೂಕು 20 ಸೆಂ.ಮೀ. ಒಳಗೆ, ನಾಲ್ಕು ದಾಳ. ತೋಪಿಗೆ ಆರು ದಾಳ, ಆದರೆ ಅದನ್ನು ಸಜ್ಜುಗೊಳಿಸಲು ಒಂದು ಆಜ್ಞೆ, ಒಂದು ಸುತ್ತು ಬೇಕು. 4, 5, 6 ಬಿದ್ದರೆ ಏಟು. ಒಂದೇ ಸಲಕ್ಕೆ ಮೂರು ಏಟು ತಿಂದ ದಳ ಹಿಂದಕ್ಕೆ.
4. ಕುದುರೆ ತೋಪನ್ನು ಮುಟ್ಟಿದರೆ ತೋಪು ಹೋಯಿತು.

ಒಬ್ಬರೇ ಆಡುವಾಗ ಎದುರು ಪಕ್ಷದ ಗುಟ್ಟು ನಿಮಗೇ ಗೊತ್ತಿರುತ್ತದೆ. ಅದಕ್ಕೆ ಆಟಕ್ಕೆ ಮೊದಲು ಪ್ರತಿ ಪಕ್ಷಕ್ಕೂ ಮೂರು ಯೋಜನೆ ಬರೆದು, ಒಂದು ದಾಳದಿಂದ ಆರಿಸಿ: 1-2 ಮೊದಲನೆಯದು, 3-4 ಎರಡನೆಯದು, 5-6 ಮೂರನೆಯದು. ನಡೆ ಇಟ್ಟಾಗಲೆಲ್ಲ 'ಯಾಕೆ' ಅನ್ನೋದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ.

ಲೆಕ್ಕ

ಎರಡು ದಾಳಕ್ಕೆ 36 ಸಾಧ್ಯತೆ. 8 ಅಥವಾ ಕಡಿಮೆ ಬರುವುದು 26 ಸಲ, ಅಂದರೆ ಶೇ. 72. ಕುದುರೆ ತೋಪನ್ನು ಮುಟ್ಟಲು ಎರಡು ಸುತ್ತು ಬೇಕು. ಎರಡೂ ಸಲ ಆಜ್ಞೆ ಸಿಕ್ಕರೆ ತೋಪು ಹಾರುವ ಮೊದಲೇ ಕೆಲಸ ಮುಗಿಯಿತು. ಆ ಸಂಭವ 0.72 × 0.72, ಸುಮಾರು ಶೇ. 52. ಒಂದು ಸಲ ತಪ್ಪಿದರೆ, ಅಷ್ಟರಲ್ಲಿ ತೋಪು ಸಜ್ಜಾಗಿದ್ದರೆ, ಆರು ದಾಳದಲ್ಲಿ ಮೂರೋ ಹೆಚ್ಚೋ ಏಟು ಬೀಳುವ ಸಂಭವ 42/64, ಸುಮಾರು ಶೇ. 66. ಇಲ್ಲಿ ಗೆಲುವನ್ನು ನಿರ್ಧರಿಸುವುದು ಜನಬಲಕ್ಕಿಂತ ಹೆಚ್ಚಾಗಿ ಹೊತ್ತು ಮತ್ತು ದೂರ. ಇದೇ ಮೊದಲ ಪಾಠ.

ನಾವು ಮಾಡಿದ ತಪ್ಪು

ಮೊದಲ ಆಟ. ಬಾಗಿಲು ತೆರೆಯಿತು, ಕುದುರೆಗೆ ದಾಳ ಹಾಕಿದೆವು: 9. "ಏ, ಪುಸ್ತಕಕ್ಕ ಬಡೀತು" ಅಂತ ಮತ್ತೆ ಹಾಕಿದೆವು: 10. "ಮೇಜು ಅಲ್ಲಾಡ್ತು." ಮೂರನೇ ಸಲ 6 ಬಂತು. ಚೆನ್ನಮ್ಮನ ಪಡೆ ಗೆದ್ದಿತು, ನಾವು ಕುಣಿದೆವು. ಖಾನಾಪುರದವನು ಮಾತ್ರ ಸುಮ್ಮನಿದ್ದ. ಆಮೇಲೆ ಅಂದ: "ಗೆಲ್ಲಾಕ ಇಷ್ಟು ಸುಳ್ಳು ಯಾಕ ಬೇಕಲೇ? ಅವರು ಖರೇನ ಗೆದ್ದಾರಲ್ಲ."

ಯಾರಿಗೂ ಉತ್ತರ ಹೊಳೆಯಲಿಲ್ಲ. ನೋಟ್‌ಬುಕ್ ನೋಡಿದರೆ ಒಂದು ಸಾಲೂ ಇರಲಿಲ್ಲ.

ಮರುದಿನ ಬಿದ್ದ ದಾಳವನ್ನು ಒಪ್ಪಿಕೊಂಡು ಆಡಿದೆವು. ಎರಡು ಆಟ ಸೋತೆವು, ಮೂರನೆಯದು ಗೆದ್ದೆವು. ಸೋತ ಆಟಗಳಲ್ಲೇ ಗೊತ್ತಾಗಿದ್ದು: ಆ ಬಾಗಿಲು ದಾಟಿ ಬಯಲಿಗೆ ಬಂದವರು ಎಂಥಾ ಅಪಾಯಕ್ಕೆ ಮೈಯೊಡ್ಡಿದ್ದರು ಅಂತ. ಅವರಿಗೆ ಎರಡನೇ ಸಲ ದಾಳ ಹಾಕುವ ಅವಕಾಶ ಇರಲಿಲ್ಲ.

ನಂದಗಡದಲ್ಲಿ

1824ರ ಡಿಸೆಂಬರ್‌ನಲ್ಲಿ ಕಿತ್ತೂರು ಕೋಟೆ ಬಿತ್ತು. ಆಮೇಲೂ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಒಂದು ಭಾನುವಾರ ನಾವು ಅಲ್ಲಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ರಾಯಣ್ಣನ ಯುದ್ಧವನ್ನೂ ಮೇಜಿಗೆ ತರುವ ಮಾತಾಡುತ್ತಿದ್ದವರು, ಸಮಾಧಿಯ ಆಲದಮರದ ಹತ್ತಿರ ಬಂದಾಗ ಮಾತು ನಿಲ್ಲಿಸಿದೆವು. ನಮ್ಮ ಆಟದಲ್ಲಿ ಸತ್ತವರೆಲ್ಲ ಸಂಜೆ ಡಬ್ಬಿಗೆ ವಾಪಸ್ ಬರುತ್ತಾರೆ.

ಇನ್ನೊಂದು ಮಾತು: ನಮ್ಮ ನಾಲ್ಕು ನಿಯಮ ರಾಯಣ್ಣನಿಗೆ ಹೊಂದುವುದಿಲ್ಲ. ಸರ್ಕಾರಿ ಕಚೇರಿ ಸುಟ್ಟು, ಖಜಾನೆಗೆ ಕೈಹಾಕಿ, ಕಾಡಿಗೆ ಮರಳುವ ಗೆರಿಲ್ಲಾ ಯುದ್ಧ ಅದು. ಸಾಲುಗಟ್ಟಿ ನಿಲ್ಲುವ ಸೈನ್ಯದ ಆಟದಲ್ಲಿ ಅದಕ್ಕೆ ಜಾಗವಿಲ್ಲ. ಯಾವ ಮಾದರಿ ಯಾವುದಕ್ಕೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಅಂತ ತಿಳಿಯುವುದೂ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಪಾಠವೇ.

ಇಂಟರ್ನಲ್ಸ್ ಮುಗಿದ ಮೇಲೆ ಒಂದು ಸಂಜೆ ಆಡಿ ನೋಡ್ರಿ. ನಿಯಮ ಬದಲಿಸಬೇಕು ಅನ್ನಿಸಿದರೆ ಧಾರಾಳವಾಗಿ ಬದಲಿಸಿ, ಆದರೆ ಆಟ ಶುರುವಾಗುವ ಮೊದಲೇ. ದಾಳ ಬಿದ್ದ ಮೇಲೆ ಮಾತ್ರ ಬ್ಯಾಡ.