ಹೆಪ್ಪುಗಟ್ಟಿಸಿದ ವೀರ್ಯವನ್ನು ಕಾಪಾಡುವ ಮತ್ತು ಉಪಯೋಗಿಸುವ ಕ್ರಮ

ಹಸುವು ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡಿಸಿಯೂ ಗಬ್ಬ ನಿಲ್ಲದಿದ್ದರೆ ರೈತರು ಸಾಮಾನ್ಯವಾಗಿ ಹಸುವನ್ನೇ ದೂರುವರು. ಎರಡು ಮೂರು ಸಾರಿ ಹೀಗಾದರೆ ಅದು ಗೊಡ್ಡೆಂದು ಎಣಿಸಿ ಸಂತೆಗೆ ಹೊಡೆದುಬಿಡುವುದೂ ಉಂಟು. ಹಸುವಿನಲ್ಲಿ ದೋಷವೇ ಇರಲಾರದೆಂದು ಹೇಳುವಂತಿಲ್ಲ. ಆದರೆ ಕೆಲವು ವೇಳೆ ದೋಷವು ವೀರ್ಯವನ್ನಿಟ್ಟ ಪಾತ್ರೆಯಲ್ಲಿಯೋ ಅದನ್ನು ಹೊರತೆಗೆದ ಕೈಯಲ್ಲಿಯೋ ಇರುತ್ತದೆ. ಹಾಲು ಕೆಟ್ಟರೆ ಒಡೆಯುವುದು, ಬಿತ್ತನೆಯ ಕಾಳು ಕೆಟ್ಟರೆ ಮುಗ್ಗುವುದು. ಕೆಟ್ಟುಹೋದ ವೀರ್ಯನಳಿಕೆಯಾದರೋ ಕಣ್ಣಿಗೆ ಒಳ್ಳೆಯದರಂತೆಯೇ ಕಾಣುವುದು. ಒಂದು ಬೆದೆ ವ್ಯರ್ಥವಾದರೆ ಮುಂದಿನದಕ್ಕೆ ಸುಮಾರು 21 ದಿವಸ ಕಾಯಬೇಕು. ಅಷ್ಟು ದಿವಸದ ಮೇವು ಹಿಂಡಿಗಳ ವೆಚ್ಚವು ರೈತನದೇ ಆಗುವುದು.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆಯನ್ನು ಮೊದಲು ನಡೆಸಿದವರು ಸಂಪತ್ ಕುಮಾರನ್ ಎಂಬವರು. 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ. ಆ ಕಾಲದಲ್ಲಿ ಹಸಿ ವೀರ್ಯವನ್ನೇ ಉಪಯೋಗಿಸಬೇಕಾಗಿದ್ದುದರಿಂದ ಅದನ್ನು ಕೆಲವೇ ದಿವಸಗಳೊಳಗೆ ಮುಗಿಸಬೇಕಾಗಿದ್ದಿತು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿದ್ವಾಂಸರು, ಗ್ಲಿಸರಿನ್ ಬೆರಸಿದರೆ ಹೆಪ್ಪುಗಟ್ಟಿದ ವೀರ್ಯವೂ ಜೀವ ಉಳಿಸಿಕೊಳ್ಳಬಲ್ಲದೆಂದು ತೋರಿಸಿಕೊಟ್ಟರು. ಅಂದಿನಿಂದ, ಹೋರಿಯು ಸತ್ತ ಅನೇಕ ವರ್ಷಗಳ ಮೇಲೆಯೂ ಅದರ ಕರುವನ್ನು ಪಡೆಯುವುದು ಸಾಧ್ಯವಾಯಿತು.

ಈಗ ದೊರೆಯುವ ಸಣ್ಣ ನಳಿಕೆಯಲ್ಲಿ ಕಾಲು ಮಿಲಿಲೀಟರು ವೀರ್ಯವಿದ್ದು, ಅದರೊಳಗೆ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ. ಕರಗಿಸಿದ ಮೇಲೆ ಇವುಗಳಲ್ಲಿ ಅರ್ಧದಷ್ಟಾದರೂ ಚಲಿಸುತ್ತಿರತಕ್ಕದ್ದು. ನಳಿಕೆಗಳನ್ನು ದ್ರವ ಸಾರಜನಕದಲ್ಲಿ ಮುಳುಗಿಸಿಡುವರು. ಇದರ ಶೈತ್ಯವು ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಸೊನ್ನೆಗಿಂತ ಸುಮಾರು 130 ಡಿಗ್ರಿ ಕೆಳಗಿನ ಮಟ್ಟವನ್ನು ದಾಟಿ ಮೇಲಕ್ಕೆ ಬಂದೊಡನೆ ಒಳಗಿನ ಮಂಜಿನ ಹರಳುಗಳು ದೊಡ್ಡವಾಗಿ ವೀರ್ಯಾಣುಗಳನ್ನು ಹರಿಯತೊಡಗುತ್ತವೆ. ನಳಿಕೆಯು ಬಹಳ ತೆಳುವಾದುದರಿಂದ ಹೊರಗಿನ ಗಾಳಿಯಲ್ಲಿ ಕೆಲವು ಕ್ಷಣಗಳಲ್ಲೇ ಈ ಹಾನಿಯು ಸಂಭವಿಸುವುದು. ಪುನಃ ದ್ರವದಲ್ಲಿ ಅದ್ದಿದರೆ ಅದು ಗಟ್ಟಿಯಾದೀತೇ ಹೊರತು ಸತ್ತ ಜೀವವು ಮರಳಿ ಬಾರದು. ಹತ್ತು ಸಾರಿ ಎತ್ತಿ ಇಳಿಸಿದರೆ ಹತ್ತು ಸಾರಿಯ ಹಾನಿಯೂ ಒಂದರ ಮೇಲೊಂದು ಕೂಡುತ್ತ ಹೋಗುವುದು.

ಆದಕಾರಣ ನಳಿಕೆಗಳಿರುವ ಕ್ಯಾನಿಸ್ಟರನ್ನು ಪಾತ್ರೆಯ ಕಂಠದಿಂದ ಮೇಲಕ್ಕೆ ಎತ್ತಲೇಕೂಡದು. ಕಂಠದೊಳಗೆ ಮಂಜು ಕಟ್ಟಿರುವ ಗೆರೆಯ ಕೆಳಗೇ ಅದನ್ನು ಹಿಡಿದು, ಬೇಕಾದ ನಳಿಕೆಯನ್ನು ಚಿಮಟದಿಂದ ತೆಗೆಯತಕ್ಕದ್ದು. ಹತ್ತು ಸೆಕೆಂಡುಗಳೊಳಗೆ ಅದು ಸಿಕ್ಕದಿದ್ದರೆ ಎಲ್ಲವನ್ನೂ ದ್ರವಕ್ಕೆ ಇಳಿಸಿ, ತಣಿಯಗೊಟ್ಟು, ಮತ್ತೊಮ್ಮೆ ಹುಡುಕಬೇಕು. ಯಾವ ಹೋರಿಯ ನಳಿಕೆ ಎಲ್ಲಿದೆಯೆಂದು ಚೀಟಿ ಬರೆದಿಟ್ಟರೆ ಈ ತಡಕಾಟವೇ ತಪ್ಪುವುದು.

ದ್ರವವು ಮುಚ್ಚಿಟ್ಟಿದ್ದರೂ ದಿನೇದಿನೇ ಆವಿಯಾಗುತ್ತಲೇ ಇರುವುದು. ವಾರಕ್ಕೊಮ್ಮೆಯಾದರೂ ಮರದ ಅಳತೆಕೋಲನ್ನು ತಳದವರೆಗೂ ಇಳಿಸಿ, ಹೊರತೆಗೆದು ಗಾಳಿಯಲ್ಲಿ ಆಡಿಸಿದರೆ, ಬೆಳ್ಳಗೆ ಮಂಜು ಹಿಡಿಯುವಷ್ಟು ಎತ್ತರವೇ ದ್ರವದ ಮಟ್ಟವಾಗಿರುವುದು. ಟೊಳ್ಳು ಕೊಳವೆಯನ್ನು ಇದಕ್ಕೆ ಉಪಯೋಗಿಸಬಾರದು. ದ್ರವವು ಅದರೊಳಗಿಂದ ಮೇಲಕ್ಕೆ ಚಿಮ್ಮಿ ಮುಖವನ್ನು ಸುಡಬಹುದು. ಪಾತ್ರೆಯ ಹೊರಮೈ ಬೆವರುವುದು ಅಥವಾ ಮಂಜು ಕಟ್ಟುವುದು ಕಂಡರೆ ಅದರ ಗೋಡೆಗಳ ನಡುವಣ ನಿರ್ವಾತವು ಕೆಟ್ಟಿತೆಂದು ತಿಳಿದು, ನಳಿಕೆಗಳನ್ನು ಕೂಡಲೇ ಬೇರೊಂದು ಪಾತ್ರೆಗೆ ಸಾಗಿಸತಕ್ಕದ್ದು. ಮುಚ್ಚಳವನ್ನು ಬಿಗಿದು ಕಟ್ಟಿದರೆ ಆವಿಯ ಒತ್ತಡದಿಂದ ಪಾತ್ರೆಯು ಸಿಡಿಯಬಹುದು. ಒಂದು ಲೀಟರು ದ್ರವದಿಂದ ಸುಮಾರು 700 ಲೀಟರು ಆವಿ ಹುಟ್ಟಿ ಉಸಿರಾಡುವ ಗಾಳಿಯನ್ನು ಹೊರದೂಡುವುದರಿಂದ, ಕಿಟಕಿಯಿಲ್ಲದ ಕೊಠಡಿಯಲ್ಲಿಯಾಗಲಿ ಮುಚ್ಚಿದ ಕಾರಿನಲ್ಲಿಯಾಗಲಿ ಪಾತ್ರೆಯನ್ನಿಟ್ಟುಕೊಳ್ಳುವುದು ಪ್ರಾಣಕ್ಕೇ ಅಪಾಯಕರ.

ನಳಿಕೆಯನ್ನು ಕರಗಿಸುವುದರಲ್ಲಿಯೇ ಹೆಚ್ಚಿನ ತಪ್ಪುಗಳು ನಡೆಯುವುವು. ಅಂಗಿಯ ಜೇಬಿನಲ್ಲಿ, ಅಂಗೈಯಲ್ಲಿ, ಕಡೆಗೆ ಬಾಯಲ್ಲಿ ಸಹ ಇಟ್ಟು ಕರಗಿಸುವವರುಂಟು! ನಿಧಾನವಾಗಿ ಕರಗಿದಷ್ಟೂ ಹರಳಿನ ಹಾವಳಿ ಹೆಚ್ಚು. 37 ಡಿಗ್ರಿ ಬೆಚ್ಚಗಿರುವ ನೀರಿನಲ್ಲಿ, ಉಷ್ಣಮಾಪಕವನ್ನು ನೋಡಿಕೊಂಡು, ಅರ್ಧ ನಿಮಿಷ ಮುಳುಗಿಸತಕ್ಕದ್ದು. ಅನಂತರ ಒಣಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಒಂದು ಹನಿ ನೀರು ಒಳಹೊಕ್ಕರೂ ವೀರ್ಯಾಣುಗಳಿಗೆ ವಿಷಪ್ರಾಯ. ಚಳಿಗಾಲದ ಮುಂಜಾನೆ ಗನ್ನನ್ನು ಬಟ್ಟೆಯಿಂದ ಉಜ್ಜಿ ಬೆಚ್ಚಗೆ ಮಾಡಿಕೊಂಡು ನಳಿಕೆಯನ್ನು ಸೇರಿಸಬೇಕು, ಬಿಸಿಲನ್ನೂ ತಾಕಿಸಬಾರದು. ಹದಿನೈದು ನಿಮಿಷಗಳೊಳಗೆ ಕೆಲಸ ಮುಗಿಯತಕ್ಕದ್ದು. ಕರಗಿಸಿದ ನಳಿಕೆಯನ್ನು ಎಂದಿಗೂ ಪಾತ್ರೆಗೆ ಹಿಂದಿರುಗಿಸಲಾಗದು. ಆದ್ದರಿಂದ ಹಸುವನ್ನು ಕಟ್ಟಿ, ಅದು ಬೆದೆಯಲ್ಲಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ನಳಿಕೆಯನ್ನು ಹೊರತೆಗೆಯುವುದು ಯುಕ್ತ.

ರೈತನ ಪಾಲಿನ ಕೆಲಸವೆಂದರೆ ಬೆದೆಯನ್ನು ಸಕಾಲದಲ್ಲಿ ಗುರುತಿಸಿ ತಿಳಿಸುವುದು. ಬೆಳಗ್ಗೆ ಬೆದೆ ಕಂಡರೆ ಅದೇ ಸಾಯಂಕಾಲ, ಸಾಯಂಕಾಲ ಕಂಡರೆ ಮರುದಿನ ಬೆಳಗ್ಗೆ ಮಾಡಿಸತಕ್ಕದ್ದು. ಎಮ್ಮೆಗಳಲ್ಲಿ ಲಕ್ಷಣಗಳು ಅಷ್ಟು ಸ್ಪಷ್ಟವಾಗಿರುವುದಿಲ್ಲವಾದುದರಿಂದ ಎರಡು ಹೊತ್ತೂ ಗಮನಿಸಬೇಕು.

ಗ್ರಾಮದ ಮುಖಂಡರೂ ಹಾಲಿನ ಸಂಘದವರೂ ಒಂದು ದಫ್ತರವನ್ನಿಟ್ಟು, ಹಸುವಿನ ಗುರುತು, ತಾರೀಖು, ನಳಿಕೆಯ ಮೇಲೆ ಅಚ್ಚಾಗಿರುವ ಹೋರಿಯ ನಂಬರು, ಇವನ್ನು ಬರೆಸುವುದು ಅವಶ್ಯ. ಖಾಲಿ ನಳಿಕೆಯನ್ನು ರೈತನು ಕೇಳಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಹೀಗೆ ಬರೆದಿಟ್ಟರೆ ತಂದೆ ಹೋರಿಯ ವೀರ್ಯವನ್ನೇ ಮಗಳಿಗೆ ಕೊಡಿಸುವ ಪ್ರಮಾದವು ತಪ್ಪುವುದು. ಊರಿನ ಅನೇಕ ಹಸುಗಳು ಒಂದೇ ಕಾಲದಲ್ಲಿ ಗಬ್ಬ ನಿಲ್ಲದೆ ಹೋದರೆ ಪಾತ್ರೆಯನ್ನು ಪರೀಕ್ಷಿಸಬೇಕೆಂಬುದೂ ಗೊತ್ತಾಗುವುದು. ಬೆದೆಯು ಮರಳದ ಹಸುವನ್ನು ಎರಡು ಮೂರು ತಿಂಗಳೊಳಗೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಫಲವನ್ನು ಅದೇ ಸಾಲಿನಲ್ಲಿ ದಾಖಲು ಮಾಡತಕ್ಕದ್ದು.