ಹೆಣ್ಣುಮಕ್ಕಳ ಹೆಸರೂ ಬರೆ, ಮಗ

ಮಗ, ನೀನು ಕಳಿಸಿದ ವಂಶವೃಕ್ಷವನ್ನು ಮೊಮ್ಮಗಳ ಕೈಲಿ ಮೊಬೈಲಿನಲ್ಲಿ ದೊಡ್ಡದು ಮಾಡಿಸಿ ನೋಡಿದೆ. ದಿಕ್ಕಿಗೊಬ್ಬರಾಗಿರುವ ನಮ್ಮ ಮನೆತನದವರನ್ನೆಲ್ಲ ಒಂದು ದಿನ ಊರಿಗೆ ಕರೆಸಿ, ಒಂದೇ ಪಂಕ್ತಿಯಲ್ಲಿ ಕೂರಿಸಬೇಕು ಅಂತ ನಿನಗೆ ಅನ್ನಿಸಿತಲ್ಲ, ಆ ಮನಸ್ಸು ಕಂಡು ಹೊಟ್ಟೆ ತಣ್ಣಗಾಯಿತು. ನಿಮ್ಮಪ್ಪ ಇದ್ದಿದ್ದರೆ ನಿನಗಿಂತ ಮೊದಲು ಪಂಚೆ ಎತ್ತಿ ಕಟ್ಟಿ ಓಡಾಡುತ್ತಿದ್ದ. ಸೋದರತ್ತೆ ಅನ್ನೋ ಸಲುಗೆಯಿಂದ ಒಂದಿಷ್ಟು ಹೇಳುತ್ತೇನೆ, ಕೇಳಿಸಿಕೋ.

ಮೊದಲು ದಿನದ ವಿಚಾರ. ಮಹಾಲಯ ಅಮಾವಾಸ್ಯೆಗೆ ಸೇರಿದರೆ ಹಿರಿಯರಿಗೆ ಎಡೆ ಇಟ್ಟ ಹಾಗೂ ಆಗುತ್ತೆ ಅಂದಿದ್ದೀಯ. ಆದರೆ ಅವತ್ತು ಕೊಟ್ಟ ಹೆಣ್ಣುಮಕ್ಕಳು ಯಾರೂ ಬರಲಾರರು. ಅವರವರ ಗಂಡನ ಮನೆಯಲ್ಲಿ ಎಡೆ ಇರುತ್ತೆ, ಧೂಪ ಹಾಕುವ ಹೊತ್ತಿಗೆ ಸೊಸೆ ಅಡುಗೆಮನೆಯಲ್ಲಿ ಇರಲೇಬೇಕು. ಹೊಸಕೋಟೆ ಕಡೆಗೆ ಮದುವೆಯಾಗಿ ಬಂದು ಇಷ್ಟು ವರ್ಷವಾಯಿತು, ಒಂದು ಪಿತೃಪಕ್ಷಕ್ಕೂ ನಾನು ತವರಿನಲ್ಲಿ ಇದ್ದದ್ದಿಲ್ಲ. ನನ್ನ ಮಾತು ಕೇಳಿದರೆ ಧನುರ್ಮಾಸದಲ್ಲಿ ಇಟ್ಟುಕೋ. ಮದುವೆಗಳಿರುವುದಿಲ್ಲ. ರಾಗಿ ಕೊಯ್ಲು ಮುಗಿದು ಮೆದೆ ಬಿದ್ದಿರುತ್ತೆ. ಕ್ರಿಸ್‌ಮಸ್ ರಜಕ್ಕೆ ಹೊರದೇಶದ ಮಕ್ಕಳೂ ಬಂದಿರುತ್ತಾರೆ. ಘಾಟಿ ದನಗಳ ಜಾತ್ರೆಯೂ ಆಸುಪಾಸಿನಲ್ಲೇ ಬರುತ್ತೆ, ಅವರಿಗೆ ತೋರಿಸಬಹುದು. ಇದೆಲ್ಲಕ್ಕಿಂತ ಹೆಚ್ಚಾಗಿ, ಸೊಗಡವರೆ ಬರುವ ಕಾಲ ಅದು.

ನಂದಿ ಬೆಟ್ಟದ ರಸ್ತೆಯ ರೆಸಾರ್ಟ್ ಬೇಡ. ಹಳೇ ಮನೆಯ ಮುಂದೆ ಶಾಮಿಯಾನ ಹಾಕಿಸು. ಮುದ್ದೆ, ಮಟನ್ ಸಾರು, ಒಬ್ಬಟ್ಟನ್ನು ಅಡುಗೆಯವರಿಗೇ ಬಿಡು, ನೂರೈವತ್ತು ಜನಕ್ಕೆ ಬೇಯಿಸುವ ಶಕ್ತಿ ನಮಗ್ಯಾರಿಗೂ ಉಳಿದಿಲ್ಲ. ಹಿತಕಿದ ಬೇಳೆಯ ಕೆಲಸವನ್ನು ಮಾತ್ರ ಅವರಿಗೆ ಕೊಡಬೇಡ. ಹಿಂದಿನ ದಿನವೇ ಬರುವವರು ಬರಲಿ. ಬೆಳಿಗ್ಗೆಯೇ ಕಾಳು ಬಿಡಿಸಿ ನೆನೆಹಾಕಿ, ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ, ಕಾಳಿನ ಪಾತ್ರೆಗಳನ್ನು ನಡುವೆ ಇಟ್ಟು, ಗಂಡಸರು ಹೆಂಗಸರು ಮಕ್ಕಳು ಎಲ್ಲರನ್ನೂ ಸುತ್ತ ಕೂರಿಸು. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಟಕ್ಕನೆ ಹಾರುತ್ತೆ. ಕಲಿಯದ ಮಕ್ಕಳದ್ದು ಎದುರಿನವರ ಮುಖಕ್ಕೆ ಹೋಗಿ ಬೀಳುತ್ತೆ. ಒಂದು ಗಂಟೆಯಾಗುವಷ್ಟರಲ್ಲಿ ಬೆರಳ ತುದಿಯೆಲ್ಲ ಸುಕ್ಕುಗಟ್ಟಿ, ಸೊಗಡಿನ ವಾಸನೆ ಹಿಡಿದಿರುತ್ತೆ. ಮೈಕ್ ಕೊಟ್ಟು 'ನಿಮ್ಮ ಅನುಭವ ಹೇಳಿ' ಅಂದರೆ ನಮ್ಮ ಮುದುಕಿಯರು ಬಾಯಿ ಬಿಡುವುದಿಲ್ಲ. ಕೈಗೆ ಈ ಕೆಲಸ ಕೊಟ್ಟು ನೋಡು, ಮಧ್ಯರಾತ್ರಿಯಾದರೂ ಕತೆ ನಿಲ್ಲುವುದಿಲ್ಲ. ನೀನು ಮೊಬೈಲನ್ನು ಸುಮ್ಮನೆ ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿಕೋ.

ನನ್ನಜ್ಜಿಯ ಬಾಯಿಂದ ನಾನು ಬೆರಳಿನ ಕತೆ ಕೇಳಿದ್ದು ಅಂಥದೇ ರಾತ್ರಿ. ನಮ್ಮ ಮೊರಸು ಒಕ್ಕಲಲ್ಲಿ 'ಬೆರಳು ಕೊಡೋ ಒಕ್ಕಲು' ಅಂತ ಒಂದಿತ್ತು. ಮೊದಲ ಮಗಳ ಕಿವಿ ಚುಚ್ಚುವ ಮುಂಚೆ ತಾಯಿ ತನ್ನ ಬಲಗೈಯ ಉಂಗುರದ ಬೆರಳು, ಕಿರುಬೆರಳ ತುದಿಗಳನ್ನು ದೇವರಿಗೆ ಕತ್ತರಿಸಿ ಕೊಡಬೇಕಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಇದನ್ನು ಬರೆದಿಟ್ಟಿದ್ದಾನೆ. ಸರ್ಕಾರ ತಡೆದ ಮೇಲೆ, 19ನೇ ಶತಮಾನದಲ್ಲಿ ಅದು ನಿಂತಿತು. ನನ್ನಜ್ಜಿ ಚಿಕ್ಕವಳಿದ್ದಾಗ ಅವಳ ಅಜ್ಜಿಯ ಬಲಗೈಯನ್ನು ಕಣ್ಣಾರೆ ಕಂಡಿದ್ದಳಂತೆ. ಉಳಿದ ಬೆರಳುಗಳಲ್ಲಿ ಆ ತಾಯಿ ಎಲ್ಲರಿಗಿಂತ ಬೇಗ ಅವರೆ ಹಿತಕುತ್ತಿದ್ದಳಂತೆ. ಇದನ್ನು ಹೇಳುತ್ತ ಅಜ್ಜಿ ತನ್ನ ಬಲಗೈಯನ್ನು ದೀಪದ ಬೆಳಕಿಗೆ ಹಿಡಿದು, ಎರಡು ಬೆರಳು ಮಡಚಿ ತೋರಿಸಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ.

ನೀನು ಬರೆದ ವಂಶವೃಕ್ಷದಲ್ಲಿ ಆ ತಾಯಿ ಇಲ್ಲ, ಮಗ. ನನ್ನಜ್ಜಿಯೂ ಇಲ್ಲ, ನಾನೂ ಇಲ್ಲ. ಅಪ್ಪ, ಅಪ್ಪನ ಅಪ್ಪ, ಅವನ ಗಂಡುಮಕ್ಕಳು, ಹೀಗೇ ಇಳಿದು ಬಂದಿದೆ. ನಿನ್ನ ತಪ್ಪೇನಿಲ್ಲ, ನಿನಗೆ ಸಿಕ್ಕಿದ್ದೇ ಹಾಗೆ. ನಾನು ಹುಡುಗಿಯಾಗಿದ್ದಾಗ ಎತ್ತಿನ ಮೇಲೆ ಕೂತು ಹೆಳವರು ಬರುತ್ತಿದ್ದರು. ಜಗಲಿಯಲ್ಲಿ ಕೂತು ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವುದನ್ನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಅಲ್ಲಿಯೂ ನನ್ನ ಕಿವಿಗೆ ಬಿದ್ದದ್ದು ಗಂಡಸರ ಹೆಸರುಗಳೇ.

ಹಾಳೆಯ ತಲೆಯಲ್ಲಿ ಆವತಿಯ ರಣಭೈರೇಗೌಡರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದೀಯ. ಈ ಭಾಗದ ಮೊರಸು ಒಕ್ಕಲೆಲ್ಲ ಹೇಳಿಕೊಳ್ಳುವ ಮೂಲ ಅದು, ಇರಲಿ. ಆದರೆ ಆ ಕತೆ ಶುರುವಾಗುವುದು ಎಲ್ಲಿಂದ? ಅವರ ಮಗಳು ದೊಡ್ಡಮ್ಮನಿಂದ. ಕಂಚಿ ಸೀಮೆಯ ಪಾಳೆಯಗಾರನೊಬ್ಬ ಅವಳನ್ನು ಕೊಡು ಅಂತ ಬಲವಂತ ಮಾಡಿದ. ಕೊಡಲೊಲ್ಲದ ಅಪ್ಪ, ಹೊಲ ಮನೆ ಬಿಟ್ಟು, ಏಳು ಒಕ್ಕಲಿನವರ ಜೊತೆ ರಾತ್ರೋರಾತ್ರಿ ಗಾಡಿ ಕಟ್ಟಿದ. ಪಾಲಾರ್ ಹೊಳೆ ದಾಟಿ ಬಂದು, ನಂದಿಯ ಪಕ್ಕದ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ತಂಗಿ, ಆಮೇಲೆ ಆವತಿಯಲ್ಲಿ ನೆಲೆ ನಿಂತರು. ಅವರ ಸಂತತಿಯ ಮಲ್ಲಭೈರೇಗೌಡರು 1501ರಲ್ಲಿ ದೇವನಹಳ್ಳಿ ಕೋಟೆ ಕಟ್ಟಿಸಿದರು ಅನ್ನುತ್ತಾರೆ. ಯಲಹಂಕದ ಪ್ರಭುಗಳೂ ಅದೇ ಬಳ್ಳಿಯವರು. ಒಂದು ಹೆಣ್ಣುಮಗುವನ್ನು ಬಿಟ್ಟುಕೊಡಲಾರದೆ ಇಷ್ಟು ಜನ ಊರು ಬಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಈ ಕತೆಯನ್ನು ಮಕ್ಕಳಿಗೆ ಹೇಳಿದ್ದೇನೆ, ಈಗಲೂ ಹೇಳುವಾಗ ಗಂಟಲು ಕಟ್ಟುತ್ತೆ.

ಇನ್ನೊಂದು ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷದಲ್ಲಿ ನಮ್ಮ ಹೆಸರುಗಳಿವೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, 2005ರಲ್ಲಿ ದೇಶಕ್ಕೆಲ್ಲ ಬಂತು. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗಿ ಸುತ್ತಲ ಜಮೀನಿಗೆ ಬೆಲೆ ಏರಿದ ಮೇಲೆ, ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರ ನೆನಪು ಬಂದದ್ದೇ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಬೇಕಾದಾಗ. ಆ ನೋವು ಹೊತ್ತು, ತವರಿನ ಹೊಸ್ತಿಲು ತುಳಿಯದವರು ನಮ್ಮಲ್ಲೂ ಇಬ್ಬರಿದ್ದಾರೆ. ಅವರಿಗೆ ವಾಟ್ಸಾಪಿನಲ್ಲಿ ಕರೆ ಕಳಿಸಬೇಡ. ನೀನೂ ನಿನ್ನ ಹೆಂಡತಿಯೂ ಮನೆಗೇ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಕಾಲಿಗೆ ಬಿದ್ದು ಕರೆಯಿರಿ. ಮೊದಲ ಸಲ ಬಾಗಿಲಲ್ಲೇ ಮಾತಾಡಿಸಿ ಕಳಿಸಬಹುದು, ಇನ್ನೊಂದು ಸಲ ಹೋಗು. ಸೇರಿದ ದಿನ ಜಮೀನಿನ ಮಾತನ್ನು ಯಾರೂ ಎತ್ತದ ಹಾಗೆ ನಿನ್ನ ಚಿಕ್ಕಪ್ಪಂದಿರಿಗೆ ಮುಂಚೆಯೇ ಹೇಳಿಟ್ಟಿರು.

ಹಾಳೆಯನ್ನು ಅಚ್ಚಿಗೆ ಕೊಡುವ ಮುಂಚೆ ಒಂದು ಭಾನುವಾರ ಇಲ್ಲಿಗೆ ಬಾ. ನಾಲ್ಕು ತಲೆಮಾರಿನ ಹೆಣ್ಣುಮಕ್ಕಳು, ಸೊಸೆಯರ ಹೆಸರು, ಯಾವ ಊರಿಂದ ತಂದದ್ದು, ಯಾವ ಊರಿಗೆ ಕೊಟ್ಟದ್ದು ನನಗೆ ನೆನಪಿದೆ. ಬೆರಳು ಕೊಟ್ಟ ಆ ತಾಯಿಯ ಹೆಸರು ಮಾತ್ರ ನಾಲಿಗೆ ತುದಿಗೆ ಬಂದು ಹೋಗುತ್ತಿದೆ. ಅದು ಗೊತ್ತಿರುವ ಒಬ್ಬರು ಶಿಡ್ಲಘಟ್ಟದ ಕಡೆ ಇದ್ದಾರೆ, ನಿಮ್ಮಜ್ಜನ ತಂಗಿಯ ಮಗಳು. ಎಂಬತ್ತು ದಾಟಿದೆ, ಕಿವಿ ಮಂದ. ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗು, ಹತ್ತಿರ ಕೂತು ನಾನು ಕೇಳುತ್ತೇನೆ, ನೀನು ಬರೆದುಕೋ.